ಸಮಪಾಲು ಮಾಡಿದ ಮಾಸ್ತಮ್ಮ

ಮಾಸ್ತಮ್ಮ ಮೀನು ಪಾಲು ಮಾಡಲು ಕೂತರೆ ಕಾಗೆಗಳೂ ಜಗಳ ಬಿಟ್ಟು ಸಾಲಾಗಿ ಕೂರುತ್ತವೆ ಎಂದು ಮುರ್ಡೇಶ್ವರದ ಮೀನುಗಾರರ ಕೇರಿಯಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆಯಲ್ಲಿ ಅರ್ಧ ನಿಜವಿತ್ತು. ಕೇರಿಗೆ ಕೇರಿಯೇ ಸೇರಿ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಮೇಲೆ ಬಂದರೆ ಮಾರಾಟಕ್ಕೆ ಹೋಗುವ ಮೀನು ಒಂದು ಕಡೆ, ಮನೆಮನೆಯ ಸಾರಿಗೆ ಹೋಗುವ ಮೀನು ಇನ್ನೊಂದು ಕಡೆ. ಸಾರಿನ ಮೀನಿನ ಹಂಚಿಕೆ ಮಾಸ್ತಮ್ಮನದು. ಸೀರೆಯನ್ನು ಎತ್ತಿ ಕಟ್ಟಿ, ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಂಗಡೆಗೆ ಬಂಗಡೆ, ತಾರಲೆಗೆ ತಾರಲೆ ಸರಿದೂಗಿಸಿ ಗುಪ್ಪೆ ಹಾಕುತ್ತಾ ಹೋಗುವಳು. ಹಗ್ಗ ಎಳೆದವನಿಗೆ ಒಂದು ಪಾಲು, ಜ್ವರ ಬಂದು ಮಲಗಿದವನಿಗೂ ಒಂದು ಪಾಲು, ಗಂಡ ಸತ್ತವಳಿಗೂ ಒಂದು ಪಾಲು. ಆಮೇಲೆ ಯಾರನ್ನಾದರೂ ಬೆನ್ನು ತಿರುಗಿಸಿ ನಿಲ್ಲಿಸಿ, ಒಂದೊಂದೇ ಗುಪ್ಪೆ ಮುಟ್ಟಿ "ಇದು ಯಾರಿಗೆ?" ಎಂದು ಕೇಳುವುದು. ಅವರು ಕಾಣದೆಯೇ ಹೆಸರು ಹೇಳುವುದು. ಇಷ್ಟಾದ ಮೇಲೂ ತಕರಾರು ಎತ್ತುವವನಿಗೆ ಮಾನ ಮರ್ಯಾದೆ ಇಲ್ಲವೆಂದೇ ಅರ್ಥ.

ಈ ಸಮಪಾಲಿನ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ. ಗಂಡ ತೀರಿಕೊಂಡಾಗ ಮಗ ಹೊನ್ನ ಇನ್ನೂ ಅಂಬೆಗಾಲಿಡುತ್ತಿದ್ದ. ಹಗ್ಗ ಹಿಡಿಯಲು ಮನೆಯಲ್ಲಿ ಗಂಡಾಳು ಇರಲಿಲ್ಲ. ಆದರೂ ಅವಳ ಹೆಸರಿನ ಗುಪ್ಪೆ ಮರಳಿನ ಮೇಲೆ ಒಂದು ದಿನವೂ ತಪ್ಪಲಿಲ್ಲ. ಆ ಮೀನು ತಿಂದೇ ಹೊನ್ನ ದೊಡ್ಡವನಾದ, ದೋಣಿ ಹತ್ತಿದ. ಅವನಿಗೆ ಹೆಣ್ಣು ನೋಡುವ ತಾಪತ್ರಯವೂ ಮಾಸ್ತಮ್ಮನಿಗೆ ಬರಲಿಲ್ಲ. ಸ್ವಂತ ಅಣ್ಣನ ಮಗಳು ನರ್ಮದಾ ಇದ್ದಳು. ಸೋದರಿಕೆ ಸಂಬಂಧ ಇರುವಾಗ ಹೊರಗೆ ಯಾಕೆ ಹೋಗಬೇಕು? ಅಣ್ಣ ತಂಗಿ ಒಂದೇ ಮಾತಿಗೆ ಒಪ್ಪಿ ಮದುವೆ ಮಾಡಿ ಮುಗಿಸಿದರು.

ಎಪ್ಪತ್ತಮೂರನೇ ಇಸವಿಯಲ್ಲಿ ನರ್ಮದಾಳಿಗೆ ಮೊದಲ ಮಗಳು ಹುಟ್ಟಿದಳು. ಗಂಗಿ ಎಂದು ಹೆಸರಿಟ್ಟರು. ಮಗು ಎಂದರೆ ಇಂಥಾ ಮಗು ಇರಬೇಕು ಎಂದು ಕೇರಿಯ ಹೆಂಗಸರೆಲ್ಲ ಮೆಚ್ಚಿದರು. ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ. ತೊಟ್ಟಿಲಲ್ಲಿ ಹಾಕಿ ಹೋದರೆ ತೊಟ್ಟಿಲಲ್ಲೇ ಇರುತ್ತಿತ್ತು. ಹಾಲು ಕುಡಿಸಲು ಅದನ್ನು ಎಬ್ಬಿಸಬೇಕಾಗುತ್ತಿತ್ತು. ಬಾಣಂತನ ಮುಗಿಯುತ್ತಿದ್ದ ಹಾಗೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಬೇಕಾದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದಿದೆ? ಬೇರೆಯವರ ಮಕ್ಕಳು ಹಗಲಿಡೀ ಗಂಟಲು ಹರಿದುಕೊಳ್ಳುತ್ತಿದ್ದರೆ ಮಾಸ್ತಮ್ಮ ಜಗುಲಿಯಲ್ಲಿ ಕೂತು ಮೀಸೆ ಇಲ್ಲದಿದ್ದರೂ ಮೀಸೆ ತಿರುವುತ್ತಿದ್ದಳು.

"ನಮ್ಮ ಗಂಗಿ ಅಳುದೇ ಇಲ್ಲ ಮಾರಾಯ್ತಿ. ದೇವ್ರಂತಾ ಮಗು."

ಮಗುವಿನ ನಾಲಿಗೆ ಸದಾ ತುಟಿಯಿಂದ ಹೊರಗೆ ಇಣುಕುತ್ತಿತ್ತು. ಹಾಲಿನ ಆಸೆ ಎಂದರು. ಹೊಕ್ಕುಳು ಉಬ್ಬಿ ನಿಂತಿತ್ತು. ಬೆಳೆದ ಹಾಗೆ ಇಳಿಯುತ್ತದೆ ಎಂದರು. ಕೈಕಾಲು ಸದಾ ತಣ್ಣಗಿರುತ್ತಿತ್ತು. ಸಮುದ್ರದ ಗಾಳಿ ಎಂದರು. ವರ್ಷ ಕಳೆದರೂ ಗಂಗಿ ಕೂರಲಿಲ್ಲ, ಎರಡು ಕಳೆದರೂ ನಿಲ್ಲಲಿಲ್ಲ. ಹರಕೆ ಹೊತ್ತದ್ದಾಯಿತು, ನೂಲು ಕಟ್ಟಿಸಿದ್ದಾಯಿತು. ಐದು ವರ್ಷವಾದಾಗ ಗಂಗಿ ಎರಡು ವರ್ಷದ ಮಗುವಿನಷ್ಟಿದ್ದಳು. ಮಾತು ಒಂದೂ ಬಂದಿರಲಿಲ್ಲ. ಕೂರಿಸಿದಲ್ಲಿ ಕೂತು ದಪ್ಪ ರೆಪ್ಪೆಯ ಕೆಳಗಿನಿಂದ ಎಲ್ಲರನ್ನೂ ಒಂದೇ ಸಮ ನೋಡುತ್ತಿದ್ದಳು.

ಎಪ್ಪತ್ತೆಂಟರಲ್ಲಿ ನರ್ಮದಾ ಮತ್ತೆ ಬಸುರಿಯಾದಳು. ಅದೇ ಸಮಯಕ್ಕೆ ಗಂಗಿಗೆ ಬಿಡದ ಕೆಮ್ಮು. ಹೊನ್ನಾವರಕ್ಕೆ ಹೊಸದಾಗಿ ಬಂದ ಮಾಬ್ಲೇಶ್ವರ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಅತ್ತೆ ಸೊಸೆ ಇಬ್ಬರೂ ಲಾಂಚಿನಲ್ಲಿ ಶರಾವತಿ ದಾಟಿ ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟವರು ಕೆಮ್ಮನ್ನು ಅಲ್ಲೇ ಮರೆತುಬಿಟ್ಟರು. ಗಂಗಿಯ ನಾಲಿಗೆ ನೋಡಿದರು, ಹೊಕ್ಕುಳು ನೋಡಿದರು, ಕೆನ್ನೆಯ ಒರಟು ಚರ್ಮವನ್ನು ಬೆರಳಿನಿಂದ ಸವರಿದರು.

"ಅಜ್ಜಿ, ಇವಳು ಹುಟ್ಟಿದಾಗ ಹೇಗೆ ಅಳ್ತಿದ್ದಳು?"

ಮಾಸ್ತಮ್ಮನ ಮುಖ ಅರಳಿತು. "ಅಳುದಾ? ಒಂದ್ ದಿನ ಅತ್ತದ್ದಿಲ್ಲ ಡಾಕ್ಟ್ರೆ. ಬೇಕಾರೆ ಕೇರಿಯವ್ರ ಹತ್ರ ಕೇಳಿ."

"ಅದೇ ಅಜ್ಜಿ ರೋಗ," ಎಂದರು ಡಾಕ್ಟರು.

ಮಾಸ್ತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅಳದಿರುವುದು ಹೇಗೆ ರೋಗವಾಗುತ್ತದೆ? ಡಾಕ್ಟರು ತಮ್ಮ ಗಂಟಲ ಮೇಲೆ ಬೆರಳಿಟ್ಟು ತಾಳ್ಮೆಯಿಂದ ಹೇಳಿದರು. ಇಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತದೆ. ಅದು ಒಂದು ರಸ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮಗುವಿನ ಮೈ ಬೆಳೆಯುವುದಕ್ಕೂ ಅದೇ ಬೇಕು, ಮೆದುಳು ಬೆಳೆಯುವುದಕ್ಕೂ ಅದೇ ಬೇಕು. ಈ ಹುಡುಗಿಯ ಗ್ರಂಥಿಗೆ ಆ ರಸ ಮಾಡಲು ಹುಟ್ಟಿನಿಂದಲೇ ಬರುವುದಿಲ್ಲ. ರಕ್ತಸಂಬಂಧದೊಳಗೆ ಮದುವೆಯಾದ ಮನೆಗಳಲ್ಲಿ ಹೀಗೆ ಆಗುವುದು ಹೆಚ್ಚು.

"ಔಷಧಿ ಇಲ್ಲನಾ?" ನರ್ಮದಾ ಕೇಳಿದಳು.

"ಉಂಟು. ದಿನಾ ಒಂದು ಸಣ್ಣ ಗುಳಿಗೆ. ಮೈ ಬೆಳೀತದೆ, ಓಡಾಡ್ತಾಳೆ. ಬುದ್ಧಿ ಮಾತ್ರ..." ಡಾಕ್ಟರು ಮೇಜಿನ ಕಡೆ ನೋಡಿದರು. "ಮೆದುಳು ಕಟ್ಟುವ ಕೆಲಸ ಮೊದಲ ಎರಡು ಮೂರು ವರ್ಷದಲ್ಲೇ ಮುಗೀತದೆ. ಹುಟ್ಟಿದ ತಿಂಗಳಲ್ಲೇ ಗುಳಿಗೆ ಸುರು ಮಾಡಿದ್ದರೆ ಇವಳು ಎಲ್ಲರ ಹಾಗೇ ಇರ್ತಿದ್ದಳು."

ಮಾಸ್ತಮ್ಮ ಗಂಗಿಯನ್ನು ಮಡಿಲಿಗೆ ಎಳೆದುಕೊಂಡಳು. ಎಲ್ಲರ ಹಾಗೇ. ಒಂದು ಸಣ್ಣ ಗುಳಿಗೆ. ಐದು ವರ್ಷ ಜಗುಲಿಯಲ್ಲಿ ಕೂತು ತಾನು ಹಾಡಿ ಹೊಗಳಿದ್ದು ಮಗುವಿನ ಗುಣವನ್ನಲ್ಲ, ಮಗುವಿನ ಮೆದುಳು ಬತ್ತುತ್ತಿದ್ದುದನ್ನು. ತೊಟ್ಟಿಲಲ್ಲಿ ಅದು ಹಸಿದು ಮಲಗಿತ್ತು, ಅಳುವ ಶಕ್ತಿಯೂ ಇಲ್ಲದೆ. ತಾನು ಅದಕ್ಕೆ ದೇವರಂಥ ಮಗು ಎಂದು ದೃಷ್ಟಿ ನಿವಾಳಿಸುತ್ತಿದ್ದಳು. ವಾಪಸು ಬರುವಾಗ ಲಾಂಚಿನಲ್ಲಿ ಪಕ್ಕದ ಹೆಂಗಸೊಬ್ಬಳು ಗಂಗಿಯನ್ನು ನೋಡಿ "ಎಷ್ಟು ಸುಮ್ನೆ ಕೂತಿದೆ ಮಗು" ಎಂದಳು. ಮಾಸ್ತಮ್ಮ ಅವಳಿಗೆ ಹೊಡೆಯುವುದೊಂದು ಬಾಕಿ.

ಗುಳಿಗೆ ಶುರುವಾಯಿತು. ಆಮೇಲೆ ಆದದ್ದನ್ನು ಕೇರಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ನಾಲಿಗೆ ಒಳಗೆ ಹೋಯಿತು. ತಣ್ಣಗಿದ್ದ ಕೈ ಬೆಚ್ಚಗಾಯಿತು. ಗಂಗಿ ಗೋಡೆ ಹಿಡಿದು ಎದ್ದು ನಿಂತಳು, ಗೋಡೆ ಬಿಟ್ಟು ನಡೆದಳು, ಒಂದು ದಿನ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಬಿದ್ದು ನಕ್ಕಳು. ಆ ನಗು ಕೇಳಿ ಒಳಗಿದ್ದ ನರ್ಮದಾ ಸೌಟು ಹಿಡಿದೇ ಓಡಿ ಬಂದಳು. ಗಂಗಿಗೆ ಮಾತು ಮಾತ್ರ ಬರಲಿಲ್ಲ. ಆದರೆ ಗುಳಿಗೆ ಎಂದರೆ ಏನೆಂದು ಅವಳಿಗೆ ಗೊತ್ತಾಗಿತ್ತು. ಬೆಳಿಗ್ಗೆ ಮಾಸ್ತಮ್ಮ ಬಾಟ್ಲಿ ಅಲ್ಲಾಡಿಸಿದ ಸದ್ದಿಗೆ ಎದ್ದು ಬಂದು ಅಂಗೈ ಚಾಚುತ್ತಿದ್ದಳು. ಹುಟ್ಟಿದಂದಿನಿಂದ ಆ ಹುಡುಗಿ ಯಾರ ಹತ್ತಿರವೂ ಏನನ್ನೂ ಕೇಳಿದ್ದಿಲ್ಲ. ಕೇಳಿದ ಮೊದಲ ವಸ್ತು ಅದು.

ಮರುವರ್ಷ ಹೋಳಿಯ ಹೊತ್ತಿಗೆ ಎರಡನೇ ಮಗಳು ಹುಟ್ಟಿದಳು, ಮಂಗಲಾ. ಅದೂ ಅಳಲಿಲ್ಲ. ಮನೆಯಲ್ಲಿ ಮೌನ ಎಂದರೆ ಈಗ ಮಾಸ್ತಮ್ಮನಿಗೆ ಜೀವ ಬಾಯಿಗೆ ಬರುತ್ತಿತ್ತು. ಮಗುವಿನ ಅಂಗಾಲು ಚಿವುಟುವಳು, ಕಿವಿ ಹಿಂಡುವಳು, "ಅಳೇ, ಅಳೇ ಮಾರಾಯ್ತಿ" ಎಂದು ಅಂಗಲಾಚುವಳು. ಬಾಣಂತಿಗೆ ಗಾಳಿ ತಾಗುತ್ತದೆ ಎಂಬುದನ್ನೂ ಲೆಕ್ಕಿಸದೆ ತಾಯಿ ಮಗುವನ್ನು ಹೊನ್ನಾವರಕ್ಕೆ ಹೊರಡಿಸಿದಳು. ಮಗುವಿನ ರಕ್ತ ಪರೀಕ್ಷೆಗೆಂದು ದೂರದ ದೊಡ್ಡಾಸ್ಪತ್ರೆಗೆ ಹೋಗಿ ವರದಿ ಬಂತು. ಅಕ್ಕನದೇ ಕಾಯಿಲೆ. ಆದರೆ ಈ ಸಲ ಕಾಲ ಮೀರಿರಲಿಲ್ಲ. ಅರ್ಧ ಗುಳಿಗೆಯನ್ನು ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಿ ಚಮಚದಲ್ಲಿ ಕುಡಿಸಬೇಕು ಎಂದರು ಡಾಕ್ಟರು. ಸ್ವಲ್ಪ ದಿನಕ್ಕೇ ಮಂಗಲಾ ಕಿಟಾರನೆ ಕಿರುಚತೊಡಗಿದಳು. ಮಾಸ್ತಮ್ಮ ಅವಳನ್ನು ಎತ್ತಿಕೊಂಡು ಮನೆಮನೆಗೆ ಹೋಗಿ ಕೇಳಿಸಿ ಬಂದಳು.

"ಕೇಳ್ರೇ, ಹೆಂಗೆ ಅಳ್ತು ನೋಡಿ!"

ಗುಳಿಗೆಯ ಜವಾಬ್ದಾರಿ ಮಾಸ್ತಮ್ಮನದೇ ಆಯಿತು. ನರ್ಮದಾ ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟರೆ ಬರುವುದು ಮಧ್ಯಾಹ್ನದ ಮೇಲೆ. ದೊಡ್ಡವಳಿಗೆ ಒಂದು ಇಡೀ, ಸಣ್ಣವಳಿಗೆ ಅರ್ಧ. ಒಂದು ದಿನವೂ ತಪ್ಪಲಿಲ್ಲ.

ಆ ವರ್ಷದ ಮಳೆ ಕೆಟ್ಟದಾಗಿ ಹಿಡಿಯಿತು. ದೋಣಿಗಳು ತೆಂಗಿನ ಮಡಲಿನ ಚಪ್ಪರದಡಿ ಸೇರಿದವು. ಶರಾವತಿ ಕೆಂಪಗೆ ತುಂಬಿ ಹರಿದು ಲಾಂಚು ನಿಂತಿತು. ಭಟ್ಕಳದ ಔಷಧಿ ಅಂಗಡಿಗಳಲ್ಲಿ ಆ ಗುಳಿಗೆಯ ಹೆಸರೇ ಕೇಳಿದವರಿರಲಿಲ್ಲ. ಲಾಂಚು ಶುರುವಾದ ಮೇಲೆ ಹೊನ್ನ ಹೇಗೋ ಹೊನ್ನಾವರಕ್ಕೆ ಹೋಗಿ ಬಂದ. ಬೊಂಬಾಯಿಯಿಂದ ಮಾಲು ಬಂದಿಲ್ಲ, ಡಾಕ್ಟರೂ ಊರಲ್ಲಿಲ್ಲ, ಮುಂದಿನ ತಿಂಗಳು ನೋಡಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಬಾಟ್ಲಿಯ ತಳದಲ್ಲಿ ಒಂದು ಹಿಡಿ ಗುಳಿಗೆ ಉಳಿದಿತ್ತು. ಮಾಸ್ತಮ್ಮ ಅದನ್ನು ಅಂಗೈಗೆ ಸುರಿದುಕೊಂಡು ನೋಡಿದಳು. ಬಲೆಗೆ ಮೀನು ಕಮ್ಮಿ ಬಿದ್ದ ದಿನ ಏನು ಮಾಡಬೇಕೆಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಕಮ್ಮಿ ಬಿದ್ದರೆ ಎಲ್ಲರ ಪಾಲೂ ಕಮ್ಮಿ. ಯಾರಿಗೂ ಇಲ್ಲ ಎನ್ನುವಂತಿಲ್ಲ.

ದೊಡ್ಡವಳ ಒಂದನ್ನು ಅರ್ಧ ಮಾಡಿದಳು, ಸಣ್ಣವಳ ಅರ್ಧವನ್ನು ಕಾಲು ಮಾಡಿದಳು. ಇನ್ನೂ ಕಮ್ಮಿಯಾದಾಗ ದಿನ ಬಿಟ್ಟು ದಿನ. ಮೊದಲೇ ಮೋಸ ಹೋದ ಮಗು ಗಂಗಿ. ಬೆಳಿಗ್ಗೆ ಎದ್ದು ಬಂದು ಕೈ ಚಾಚಿದರೆ ಆ ಅಂಗೈ ಮೇಲೆ ಏನೂ ಇಡದೆ ಕಳಿಸುವುದು ಹೇಗೆ? ಮಂಗಲಾ ಇನ್ನೂ ಎಳೆಯದು, ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಅದರ ಪಾಲು ಅದಕ್ಕಿದೆ. ಸೊಸೆಗಾಗಲಿ ಮಗನಿಗಾಗಲಿ ಅವಳು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ. ಮೀನು ಪಾಲು ಮಾಡಿದೆ ಎಂದು ಯಾರಾದರೂ ಮನೆಗೆ ಬಂದು ಹೇಳುತ್ತಾರೆಯೇ? ಮಂಗಲಾ ಮೆಲ್ಲಗೆ ಸುಮ್ಮನಾಗತೊಡಗಿದಳು. ಮಳೆಯ ಸದ್ದಿಗೆ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ ಎಂದುಕೊಂಡಳು ಮಾಸ್ತಮ್ಮ. ಒಮ್ಮೆ ಸುಟ್ಟುಕೊಂಡವಳು ಹೀಗೆ ಅಂದುಕೊಂಡಳಲ್ಲ ಎಂದು ಕೇಳಬೇಡಿ. ಗುಳಿಗೆ ಹೊಟ್ಟೆಗೆ ಹೋಗುತ್ತಿದೆ ಎಂಬ ಧೈರ್ಯ ಅವಳ ಕಣ್ಣು ಕಟ್ಟಿತ್ತು.

ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಅತ್ತೆ ಸೊಸೆ ಇಬ್ಬರೂ ಮಕ್ಕಳನ್ನು ಕರೆದುಕೊಂಡು ಹೊನ್ನಾವರಕ್ಕೆ ಹೋದರು. ಮಾಬ್ಲೇಶ್ವರ ಡಾಕ್ಟರು ನಗುತ್ತಲೇ ಮಂಗಲಾಳನ್ನು ಎತ್ತಿಕೊಂಡರು. ನಗು ಅಲ್ಲೇ ನಿಂತಿತು. ಕೈಬೆರಳು ಮುಟ್ಟಿ ನೋಡಿದರು. ತಣ್ಣಗಿತ್ತು.

"ಗುಳಿಗೆ ತಪ್ಪಿಸಿದಿರಾ?"

"ಇಲ್ಲ," ಎಂದಳು ನರ್ಮದಾ. "ಅತ್ತೆ ಕೊಡ್ತ್ರು."

"ಎಂತಕ್ಕೆ ತಪ್ಪಿಸುದು ಡಾಕ್ಟ್ರೆ?" ಮಾಸ್ತಮ್ಮನ ದನಿಯಲ್ಲಿ ಅಭಿಮಾನವೇ ಇತ್ತು. "ಕಮ್ಮಿ ಇದ್ದಿತ್ತು. ಇಬ್ಬರಿಗೂ ಸಮ ಮಾಡಿ ಕೊಟ್ಟೆ. ಒಂದಕ್ಕೂ ಅನ್ಯಾಯ ಮಾಡ್ಲಿಲ್ಲ."

ಡಾಕ್ಟರು ಮಗುವನ್ನು ಎದೆಗೆ ಒರಗಿಸಿಕೊಂಡರು. ಆಮೇಲೆ ಹೇಳಿದ್ದು ಬೈಗುಳವಾಗಿರಲಿಲ್ಲ. ಬೈಗುಳವಾಗಿದ್ದರೆ ಮಾಸ್ತಮ್ಮ ತಿರುಗಿ ಬೈಯಬಹುದಿತ್ತು.

"ಅಜ್ಜಿ, ದೊಡ್ಡವಳಿಗೆ ಎರಡು ತಿಂಗಳು ಗುಳಿಗೆ ಇಲ್ಲದಿದ್ದರೆ ಸ್ವಲ್ಪ ಮಂಕಾಗ್ತಿದ್ದಳು, ಮತ್ತೆ ಕೊಟ್ಟರೆ ಸರಿಯಾಗ್ತಿದ್ದಳು. ಸಣ್ಣವಳ ಮೆದುಳು ಈಗ ಕಟ್ತಾ ಉಂಟು. ಅದರ ಎರಡು ತಿಂಗಳು ವಾಪಸು ಬರುದಿಲ್ಲ. ನಾನೇ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ."

"ಹಂಗಾರೆ... ಎಲ್ಲಾ ಸಣ್ಣದಕ್ಕೇ ಕೊಡ್ಬೇಕಿತ್ತನಾ?"

"ಎಲ್ಲಾ."

"ದೊಡ್ಡದಕ್ಕೆ ಒಂದೂ ಇಲ್ದೆ?"

"ಒಂದೂ ಇಲ್ಲದೆ."

ಒಂದು ಮಗುವಿಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ಅಂಥ ಹಂಚಿಕೆಯನ್ನು ಮಾಡಿದವನಿಗೆ ಕೇರಿಯಲ್ಲಿ ಯಾರೂ ನೀರು ಸಹ ಕೊಡುತ್ತಿರಲಿಲ್ಲ. ಅದೇ ಸರಿಯಾಗಿತ್ತಂತೆ. ಅದೇ ನ್ಯಾಯವಾಗಿತ್ತಂತೆ. ಮಾಸ್ತಮ್ಮ ಸೊಸೆಯ ಮುಖ ನೋಡಿದಳು. ನರ್ಮದಾ ಮಂಗಲಾಳನ್ನು ಡಾಕ್ಟರ ಕೈಯಿಂದ ತೆಗೆದುಕೊಂಡು, ಅತ್ತೆಯಿಂದ ಒಂದು ಮಾರು ದೂರ ಸರಿದು ನಿಂತಳು. ಆ ಒಂದು ಮಾರು ದೂರ ಮಾಸ್ತಮ್ಮನಿಗೆ ಜನ್ಮವಿಡೀ ಮರೆತುಹೋಗಲಿಲ್ಲ.

ಡಾಕ್ಟರ ಹತ್ತಿರ ಒಂದು ಚಿಕ್ಕ ಬಾಟ್ಲಿ ಇತ್ತು. ಮಾಲು ಬರುವವರೆಗೆ ಇದು ಸಣ್ಣವಳಿಗೆ ಮಾತ್ರ ಎಂದು ಕೊಟ್ಟರು. ಮರುದಿನ ಬೆಳಿಗ್ಗೆ ನರ್ಮದಾ ತಾನೇ ಬಾಟ್ಲಿ ತೆರೆದಳು. ಸದ್ದು ಕೇಳಿ ಗಂಗಿ ಬಂದು ಅಂಗೈ ಚಾಚಿದಳು. ಮಾಸ್ತಮ್ಮ ಅವಳ ಕೈಯಲ್ಲಿ ಬೆಲ್ಲದ ಚೂರು ಇಟ್ಟಳು. ಗಂಗಿ ಅದನ್ನು ನೆಲಕ್ಕೆ ಹಾಕಿ ಮತ್ತೆ ಚಾಚಿದಳು. ಮಾಸ್ತಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಹೋದಳು. ಸ್ವಲ್ಪ ದಿನಕ್ಕೆ ಗಂಗಿ ಕೋಳಿಯ ಹಿಂದೆ ಓಡುವುದನ್ನು ಬಿಟ್ಟಳು. ಮಾಲು ಬಂದ ಮೇಲೆ ಮತ್ತೆ ಓಡಿದಳು, ಡಾಕ್ಟರು ಹೇಳಿದ ಹಾಗೆಯೇ. ಒಂದು ಮಗುವಿನ ವಿಷಯದಲ್ಲಿ ಡಾಕ್ಟರ ಮಾತು ನಿಜವಾಗಿತ್ತು. ಇನ್ನೊಂದರ ವಿಷಯದಲ್ಲೂ ನಿಜವಾಗಿದ್ದರೆ?

ಆಮೇಲಿನ ವರ್ಷಗಳೆಲ್ಲ ಮಾಸ್ತಮ್ಮನಿಗೆ ಮಂಗಲಾಳನ್ನು ನೋಡುವುದರಲ್ಲೇ ಕಳೆದವು. ನೆರೆಮನೆಯ ಮಗು ಯಾವಾಗ ಮಗುಚಿತು, ಯಾವಾಗ ಅಮ್ಮ ಎಂದಿತು ಎಂದು ಕೇಳಿ ಕೇಳಿ ಜನರ ತಲೆ ತಿಂದಳು. ಮಂಗಲಾ ನಡೆದಳು, ಸ್ವಲ್ಪ ತಡವಾಗಿ. ಮಾತಾಡಿದಳು, ಸ್ವಲ್ಪ ತಡವಾಗಿ. ಸ್ವಲ್ಪ ಎಂದರೆ ಎಷ್ಟು? ತಡವಾದ ಮಕ್ಕಳು ಬೇರೆಯೂ ಇದ್ದವಲ್ಲ? ಅಷ್ಟರಲ್ಲಿ ಕಡಲ ನಡುವೆಯೇ ಮೀನನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದು ರಂಪಣಿ ಬಲೆಗಳು ಮೂಲೆ ಸೇರಿದವು. ಪಾಲು ಮಾಡಲು ಯಾರೂ ಕರೆಯದಿದ್ದುದು ಅವಳಿಗೆ ನೆಮ್ಮದಿಯೇ ಆಯಿತು.

ಎಂಬತ್ತೇಳರಲ್ಲಿ ಮಂಗಲಾ ಮೂರನೇ ಇಯತ್ತೆ. ಪದ್ಯ ಹೇಳುತ್ತಿದ್ದಳು, ಓದುತ್ತಿದ್ದಳು, ಕೇರಿಯ ಹೆಂಗಸರು ನಡೆಯುವುದನ್ನು ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಈಚೆಗೆ ತರಗತಿಯಲ್ಲಿ ತೂಕಡಿಸುತ್ತಾಳೆ ಎಂದು ಮಾಸ್ತರರು ಹೇಳಿ ಕಳಿಸಿದ್ದರು. "ಗಣಿತ ನನಗೂ ಬರ್ತಿರಲಿಲ್ಲ ಬಿಡಿ ಅಜ್ಜಿ" ಎಂದು ಅವರು ನಕ್ಕರೂ ಮಾಸ್ತಮ್ಮ ನಗಲಿಲ್ಲ. ಮಂಗಲಾಳನ್ನು ಎಳೆದುಕೊಂಡು ನೆಟ್ಟಗೆ ಹೊನ್ನಾವರಕ್ಕೆ ಹೋದಳು.

ಮಾಬ್ಲೇಶ್ವರ ಡಾಕ್ಟರ ಕೂದಲು ಕಿವಿಯ ಹತ್ತಿರ ನೆರೆತಿತ್ತು. ಅವರು ಆಗಷ್ಟೇ ಏನನ್ನೋ ಓದಿ ಖುಷಿಯಲ್ಲಿದ್ದರು. ಕೇಳುವವರು ಸಿಕ್ಕರೆ ಸಾಕಾಗಿತ್ತು.

"ಅಜ್ಜಿ, ಈಗ ಹೊಸದು ಕಂಡು ಹಿಡಿದಿದ್ದಾರೆ. ಆ ಥೈರಾಯ್ಡ್ ರಸ ಬಂದರೆ ಅದನ್ನು ಹಿಡಿದುಕೊಳ್ಳಲಿಕ್ಕೆ ಮೆದುಳಿನ ಒಂದೊಂದು ಜೀವಕಣದೊಳಗೂ ಒಂದು ವಸ್ತು ಉಂಟು. ಅದನ್ನು ಮಾಡುವ ಜೀನೇ ಸಿಕ್ಕಿದೆ. ಎಳೆಯ ಮೆದುಳಿನ ಕಣಗಳು ಅದನ್ನು ತಯಾರು ಮಾಡಿಟ್ಟುಕೊಂಡು ಕಾಯ್ತಾ ಇರ್ತವೆ. ರಸ ಬಂದು ಕೂತರೆ ಮಾತ್ರ ಮುಂದಿನ ಕೆಲಸ."

ಮಾಸ್ತಮ್ಮ ಒಂದೇ ಶಬ್ದ ಹಿಡಿದಳು. "ಕಾಯ್ತಾ ಇರ್ತವಾ?"

"ಹೌದು."

"ಆ ಮಳೆಗಾಲದಲ್ಲೂ ಇದರ ತಲೆಯೊಳಗೆ ಕಾಯ್ತಾ ಇದ್ದವಾ?"

ಡಾಕ್ಟರ ಖುಷಿ ಇಳಿಯಿತು. ಯಾರ ಮುಂದೆ ಏನು ಹೇಳಿಬಿಟ್ಟೆ ಎಂದು ಆಗ ಅವರಿಗೆ ಹೊಳೆಯಿತು. ಆದರೆ ಸುಳ್ಳು ಹೇಳುವ ಮನುಷ್ಯ ಅವರಲ್ಲ.

"ಇದ್ದವು ಅಜ್ಜಿ."

"ಇದಕ್ಕೆ ಗಣಿತ ಬರದ್ದು ನಾ ಮಾಡಿದ್ದಕ್ಕನಾ? ಸಮಾ ಹೇಳಿ ಡಾಕ್ಟ್ರೆ."

"ಗೊತ್ತಿಲ್ಲ. ಯಾರಿಗೂ ಗೊತ್ತಾಗುದಿಲ್ಲ. ಎಷ್ಟೋ ಮಕ್ಕಳಿಗೆ ಗಣಿತ ಬರುದಿಲ್ಲ." ಅವರು ಮಾತು ಮರೆಸಲು ಮಂಗಲಾಳ ಕಡೆ ತಿರುಗಿದರು. "ಈ ತೂಕಡಿಕೆ ಯಾಕೆ ಪುಟ್ಟಿ? ಗುಳಿಗೆ ದಿನಾ ತಗೊಳ್ತೀಯಲ್ಲ?"

ಮಂಗಲಾ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು.

"ದಿನಾ ಇಲ್ಲ. ಅಕ್ಕ ಅದರದ್ದು ನುಂಗಿ ಮತ್ತೂ ಕೈ ಚಾಚ್ತು. ಆವಾಗ ನಂದು ಕೊಡ್ತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮಾಸ್ತಮ್ಮ ಮೊಮ್ಮಗಳ ಕಡೆ ಬಾಗಿದಳು.

"ಯಾರೇ ಹೇಳಿದ್ದು ಕೊಡು ಅಂತ?"

"ಯಾರೂ ಹೇಳ್ಲಿಲ್ಲ." ಮಂಗಲಾಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ನೀನೂ ಪಾಲು ಮಾಡಿ ಕೊಟ್ಟಿದ್ದಿ ಅಲ್ದನಾ, ನಾ ಸಣ್ಣ ಇದ್ದಾಗ? ಅಮ್ಮ ಹೇಳ್ತು."

ಮಾಸ್ತಮ್ಮ ಕುರ್ಚಿಯಿಂದ ಎದ್ದಳೋ ಬಿದ್ದಳೋ ತಿಳಿಯಲಿಲ್ಲ. ನೆಲದ ಮೇಲೆ ಮೊಣಕಾಲೂರಿ ಮೊಮ್ಮಗಳ ಎರಡೂ ರಟ್ಟೆ ಹಿಡಿದು ಅಲುಗಾಡಿಸಿದಳು.

"ಕೊಡ್ಬೇಡ! ಕೇಳ್ತನೇ ನಿಂಗೆ? ಯಾರು ಕೈ ಚಾಚಿದ್ರೂ ಕೊಡ್ಬೇಡ. ಅಕ್ಕ ಅತ್ರೂ ಕೊಡ್ಬೇಡ, ನಾ ಕೇಳಿದ್ರೂ ಕೊಡ್ಬೇಡ. ನಿಂದು ನೀನೇ ತಿನ್ನು!"

ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಬಾಗಿಲ ಪರದೆ ಸರಿಸಿ ಇಣುಕಿದರು. ಅಜ್ಜಿ ಯಾಕೆ ಅಳುತ್ತಿದ್ದಾಳೆ ಎಂದು ಮಂಗಲಾಳಿಗೆ ಅರ್ಥವಾಗಲಿಲ್ಲ. ಹೆದರಿಕೆಗೆ ಆತು, ಆತು ಎಂದು ತಲೆ ಆಡಿಸಿದಳು.